ಕೊನೇ ಹಾಳೆಯೂ ನೂರು ಕ್ಯಾಂಡಲ್ ಬಲ್ಬೂ

ಫೋಟೋ ತೊಳೆಯೋ ಕತ್ತಲೆಕೋಣೆ ಮನೇಲಿದ್ದರೆ ಪಜೀತಿಯನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಾಗಿಲು ತಟ್ಟುತ್ತೆ. ಚಳ್ಳಕೆರೆಯಲ್ಲಿ ಅಪ್ಪ ಬಿಟ್ಟುಹೋದ ಸ್ಟುಡಿಯೋ ಈಗ ನಾನು ನಡೆಸ್ತೀನಿ. ಮದುವೆ, ನಾಮಕರಣ, ಪಾಸ್‌ಪೋರ್ಟು ಎಲ್ಲಾ ಕಂಪ್ಯೂಟರಿನಲ್ಲೇ. ಆದರೂ ಹಿಂದಿನ ಕತ್ತಲೆಕೋಣೆ ಕೆಡವಿಲ್ಲ. "ಅದ್ನ ದೇವರಕೋಣೆ ಮಾಡೇ" ಅಂತ ಅವ್ವ ದಿನಾ ಬೈತಾಳೆ. ಬೈಸಿಕೊಂಡು ಸುಮ್ಮನಿರೋ ಪೈಕಿ ನಾನೂ ಅಲ್ಲ. ಹೋದ ಬೇಸಿಗೆಯಲ್ಲಿ ಒಂದೇ ಒಂದು ಫೋಟೋ ಮಾಡೋಕೆ ಹೋಗಿ ಪಟ್ಟ ಪಾಡು ಹೇಳ್ತೀನಿ.

೧. ಯಾರ ಗಂಡ?

ದೇವಸಮುದ್ರದ ಕಡೆಯಿಂದ ಒಬ್ಬ ಅಜ್ಜಿ ಮಗನ ಜೊತೆ ಬಂದರು. ಕುರಿ ಸಾಕೋ ಮನೆಯವರು. ಅಜ್ಜಿ ಬಟ್ಟೆ ಗಂಟು ಬಿಚ್ಚಿ ಅಂಗೈ ಅಗಲದ ಹಳೇ ನೆಗೆಟಿವ್ ತೆಗೆದರು. ಅಂಚೆಲ್ಲಾ ಬಿರುಕು. ತೀರಿಹೋದ ಗಂಡನದು. ಆ ಮನುಷ್ಯನದು ಅಂತ ಉಳಿದಿದ್ದ ಚಿತ್ರ ಅದೊಂದೇ.

ಮಗ ಮೊದಲೇ ಇನ್ನೊಂದು ಕಡೆ ಅದನ್ನ ಕಂಪ್ಯೂಟರಿಗೆ ಹಾಕಿಸಿದ್ದ. ಆ ಫೋಟೋ ನನ್ನ ಮುಂದೆ ಇಟ್ಟ. ಮುಖ ಸುಣ್ಣ ಬಳಿದಂಗೆ ಬೆಳ್ಳಗಾಗಿತ್ತು, ಹೆಗಲ ಮೇಲಿನ ಕಂಬಳಿ ಹೋಗಿ ಕೋಟು ಬಂದಿತ್ತು, ಹಿಂದೆ ಜಲಪಾತ ಬೇರೆ.

"ಈಗ ಎಲ್ರೂ ಹಿಂಗೇ ಮಾಡಿಸ್ತಾರೆ ಕಣವ್ವ" ಅಂದ ಮಗ.

"ಯಾರ ಗಂಡನ್ನೋ ತಂದು ನನ್ನ ಗೋಡೆಗೆ ನೇತಾಕ್ತೀಯೇನ್ಲೇ?" ಅಂದರು ಅಜ್ಜಿ. ನನ್ನ ಕಡೆ ತಿರುಗಿ, "ಆ ಮನುಷ್ಯ ಹೆಂಗಿದ್ನೋ ಹಂಗೆ ಕೊಡು ಅಮ್ಮಾಯಿ. ಕೋಟು ಗೀಟು ಇಲ್ದೆ ಬರ್ಲಿ."

೨. ಮರಿ ಎಷ್ಟು?

ನನ್ನ ಹತ್ತಿರ ಅಪ್ಪನ ಕಾಲದ ಫೋಟೋ ಕಾಗದ ಇತ್ತು. ತುಂಡುಗಳು ಬಿಟ್ಟರೆ ಇಡೀ ಹಾಳೆ ಒಂದೇ. ಕಾಗದದ ಮೇಲೆ ನೆಗೆಟಿವ್ ಇಟ್ಟು, ಮೇಲೆ ಗಾಜು ಒತ್ತಿ, ಬೆಳಕು ಬಿಟ್ಟರೆ ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಫೋಟೋ ಬರುತ್ತೆ. ಆದರೆ ಈ ಕಾಗದ ಮಹಾ ಸೋಮಾರಿ. ಮೊಬೈಲ್ ಟಾರ್ಚಿಗೆಲ್ಲ ಕ್ಯಾರೇ ಅನ್ನಲ್ಲ. ಹಳೇ ನೂರು ಕ್ಯಾಂಡಲ್ ಬಲ್ಬೇ ಬೇಕು. ತಾಯಿ ಮಗನನ್ನ ಕೂರಿಸಿ ಪೇಟೆಗೆ ಓಡಿದೆ.

ಎಲೆಕ್ಟ್ರಿಕ್ ಅಂಗಡಿ ಸಾಹೇಬ್ರು ಅಟ್ಟದಿಂದ ಒಂದು ಬಲ್ಬು ಇಳಿಸಿ, ಧೂಳು ಒರೆಸುತ್ತಾ ಕೇಳಿದರು, "ಮರಿ ಎಷ್ಟಮ್ಮಾ?"

"ಯಾವ ಮರಿ?"

"ಕೋಳಿ ಮರಿ. ಈಗ ಈ ಬಲ್ಬು ಒಯ್ಯೋರು ಅದಕ್ಕೇ ತಾನೆ, ಕಾವು ಕೊಡೋಕೆ?"

"ಇದು ಫೋಟೋಗೆ ಸಾಹೇಬ್ರೇ."

"ಮರೀದಾ?"

ಬಿಡಿಸಿ ಹೇಳೋಷ್ಟು ತಾಳ್ಮೆ ನನಗೆಲ್ಲಿ ಬರಬೇಕು? ಹೂಂ ಅಂದುಬಿಟ್ಟೆ. ಹೊರಟವಳನ್ನ ಮತ್ತೆ ಕರೆದು, "ಸ್ವಲ್ಪ ಮೇಲಕ್ಕೆ ಕಟ್ಟಮ್ಮ, ಫೋಟೋಗೆ ನಿಂತಿರೋವಾಗಲೇ ಮರಿ ಸತ್ತೋದ್ರೆ ನನ್ನ ಕೇಳಬೇಡ" ಅಂದರು.

೩. ಉಪಚಾರ

ಚಿತ್ರ ಮೂಡಿಸೋ ಔಷಧಿ ಈಗ ನಮ್ಮೂರಲ್ಲಿ ಸಿಗಲ್ಲ. ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಪುಡಿ ನೀರಿಗೆ ಕಲಸಿ ನಾನೇ ಮಾಡ್ಕೋತೀನಿ. ಅಡುಗೆಮನೆ ಕಟ್ಟೆ ಮೇಲೆ ಪಾತ್ರೆಯಲ್ಲಿ ಕಲಸಿಟ್ಟು, ಗಾಜು ಒರೆಸೋಕೆ ಹೋದೆ.

ವಾಪಸ್ ಬಂದರೆ ಪಾತ್ರೆ ಖಾಲಿ. ಬಂದೋರಿಗೆ ಬರೀ ಕರೀ ಕಾಫಿ ಕೊಡೋದಾ ಅಂತ ಅವ್ವ ಹಾಲು ಸಕ್ಕರೆ ಹಾಕಿ ಕಾಯಿಸಿದ್ದಾಳೆ. ನಾನು ನಡುಮನೆಗೆ ಬರೋ ಹೊತ್ತಿಗೆ ಲೋಟ ಮಗನ ತುಟಿಗೆ ತಾಗಿತ್ತು.

"ಕುಡೀಬ್ಯಾಡ್ರಿ, ಅದು ಬಟ್ಟೆ ಸೋಡಾ."

ಪುಣ್ಯಕ್ಕೆ ತುಟಿ ಒದ್ದೆಯಾಗಿತ್ತು ಅಷ್ಟೇ. ಮಗ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಅವ್ವನ ಮುಖ ನೋಡಿ, "ಸಕ್ರೆ ಸರಿಯಾಗೈತೆ ರೀ" ಅಂದ.

೪. ಸ್ವಿಚ್ಚು

ಔಷಧಿ ಮತ್ತೆ ಕಲಸಿದೆ. ಕಾಗದದ ತುಂಡುಗಳ ಮೇಲೆ ಬೆಳಕು ಪರೀಕ್ಷೆ ಮಾಡಿದೆ. ಒಂದೆರಡು ಉಸಿರಿನಷ್ಟು ಹೊತ್ತು ಬೆಳಕು ಸಾಕು, ಜಾಸ್ತಿ ಆದರೆ ಮುಖ ಕಪ್ಪಿಟ್ಟುಹೋಗುತ್ತೆ. ಆಮೇಲೆ ತಾಯಿ ಮಗನನ್ನೂ ಕತ್ತಲೆಕೋಣೆಗೆ ಕರೆದು ಕೊನೇ ಹಾಳೆ ಇಟ್ಟೆ, ಮೇಲೆ ನೆಗೆಟಿವ್ ಹಾಸಿದೆ.

ನೆಗೆಟಿವ್ ಸುರುಳಿ ಸುತ್ತಿಕೊಳ್ತಿತ್ತು. ಗಾಜಿನ ಒಂದು ಕಡೆ ನಾನು, ಇನ್ನೊಂದು ಕಡೆ ಮಗ ಒತ್ತಿ ಹಿಡಿದೆವು. ಕೈ ಬಿಟ್ಟರೆ ಬಿರುಕಿನ ಜಾಗದಲ್ಲಿ ಅದು ಎರಡಾಗೋದು ಗ್ಯಾರಂಟಿ. ಸ್ವಿಚ್ಚು ಬಾಗಿಲ ಹತ್ತಿರ, ಅಜ್ಜಿ ಪಕ್ಕಕ್ಕೇ ಇತ್ತು.

"ಅಜ್ಜಿ, ಹಾಕ್ರಿ ಅಂದಾಗ ಹಾಕ್ರಿ. ಆರಿಸ್ರಿ ಅಂದ ತಕ್ಷಣ ಆರಿಸ್ರಿ."

"ಅಷ್ಟು ತಿಳಿಯಾಕಿಲ್ವ ನಂಗೆ?"

"ಹಾಕ್ರಿ."

ಬಲ್ಬು ಝಗ್ ಅಂತು.

"ಆರಿಸ್ರಿ."

ಆರಲಿಲ್ಲ. ತಿರುಗಿ ನೋಡಿದರೆ ಅಜ್ಜಿ ಬಲ್ಬಿಗೆ ಎರಡೂ ಕೈ ಮುಗಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸ್ತಾ ನಿಂತಿದ್ದಾರೆ. ಮನೇಲಿ ದೀಪ ಹತ್ತಿದ ಕೂಡಲೇ ಎಲ್ಲರೂ ಮಾಡೋದೇ. ಆದರೆ ಕೆಳಗೆ ನನ್ನ ಕೊನೇ ಹಾಳೆ ಬೇಯ್ತಾ ಇದೆ.

"ಅವ್ವ, ಸ್ವಿಚ್ಚು" ಅಂದ ಮಗ. ಅಜ್ಜಿ ಕಣ್ಣು ಬಿಡದೆ ತಲೆ ಆಡಿಸಿಯೇ ತಡಿ ಅಂದರು. ಮನೆದೇವರಿಂದ ಹಿಡಿದು ಊರದೇವರ ತನಕ ಎಲ್ಲರನ್ನೂ ಮುಗಿಸಿ, ಕೆನ್ನೆ ಮುಟ್ಟಿಕೊಂಡು, ಆಮೇಲೆ ಆರಿಸಿದರು.

"ಎಲ್ಲಾ ಹಾಳಾಗೋಯ್ತಲ್ಲಜ್ಜಿ" ಅಂತ ನಾನು ಹಾರಾಡಿದೆ.

"ದೀಪ ಹತ್ತಿದಾಗ ಕೈ ಮುಗೀದೆ ಇರಾಕಾಗ್ತೈತಾ?"

ಹಾಳೆಯನ್ನ ಔಷಧಿ ತಟ್ಟೆಗೆ ಬಿಟ್ಟೆ. ಕಾಗದಕ್ಕೆ ತಾಗದ ಮಂದ ಹಳದಿ ಬೆಳಕಿನಲ್ಲಿ ಕಣ್ಣು, ಮೀಸೆ, ಕಂಬಳಿ ಎಲ್ಲಾ ಒಟ್ಟಿಗೇ ನುಗ್ಗಿ ಬಂದವು, ಕಪ್ಪಾಗ್ತಾನೇ ಹೋದವು. ಸರಕ್ಕನೆ ಎತ್ತಿ ನೀರಿಗೆ, ಅಲ್ಲಿಂದ ಚಿತ್ರವನ್ನ ಅಲ್ಲಿಗೇ ನಿಲ್ಲಿಸೋ ಹೈಪೋಗೆ ಹಾಕಿದೆ. ಆದರೂ ಮುಖ ಕರ್ರಗೇ ನಿಂತುಬಿಟ್ಟಿತು. ನನಗೆ ಅಳು ಬಂತು. ತೊಳೆದು ಅಜ್ಜಿ ಕೈಗೆ ಕೊಡುವಾಗ ಅವರ ಮುಖ ನೋಡೋ ಧೈರ್ಯ ಇರಲಿಲ್ಲ.

ಅಜ್ಜಿ ಫೋಟೋವನ್ನ ಕಣ್ಣ ಹತ್ತಿರಕ್ಕೆ ಹಿಡಿದರು. ಆಮೇಲೆ, "ಇವ್ನೇ ಕಣವ್ವ" ಅಂದರು. "ಬಿಸಿಲಾಗೆ ಕುರಿ ಹಿಂದೆ ಅಲೆದು ಅಲೆದು ಹಿಂಗೇ ಕರ್ರಗಿದ್ದ. ಮದ್ವೆ ದಿನಾನೂ ಹಿಂಗೇ ಇದ್ದ." ಕಣ್ಣಲ್ಲಿ ನೀರು ಇಳೀತಿತ್ತು. ನನ್ನ ಕಣ್ಣಲ್ಲೂ ಅದೇ ಗತಿ.

"ದೊಡ್ಡ ಲೈಟ್ ಹಾಕ್ಲೇ, ಕಣ್ತುಂಬ ನೋಡ್ತೀನಿ" ಅಂದರು ಮಗನಿಗೆ.

ಮಗ ಸ್ವಿಚ್ಚು ಒತ್ತಿದ. ಬಲ್ಬು ಹತ್ತಿತು. ಅಜ್ಜಿಯ ಎರಡೂ ಕೈ ಮೇಲೆದ್ದವು, ನೀರು ತೊಟ್ಟಿಕ್ಕುವ ಫೋಟೋ ಸಮೇತ. ಮುಗಿಯೋಕಾಗದೆ ಅರ್ಧಕ್ಕೇ ನಿಂತವು. ಮಗನ ಕಡೆ ತಿರುಗಿ ಹೇಳಿದರು:

"ನನ್ನ ಕೈಯಾಗೆ ನಿಮ್ಮಪ್ಪ ಅವ್ನೆ. ನನ್ ಬದ್ಲು ನೀನೇ ಕೈ ಮುಗಿಯೋ."