ಬೆನ್ನಿಗೆ ಜಿಪ್ಪಿದ್ದ ತೋಳ

"ಒಂದು ತೋಳ ಹೊಲಿಯೋಕೆ ನನಗೆ ಯಾರ ಸಹಾಯವೂ ಬೇಕಿಲ್ಲ" ಎಂದು ಮಗಳಿಗೆ ಹೇಳಿ ಫೋನಿಟ್ಟೆ. ಮೂವತ್ತೆರಡು ವರ್ಷ ಹೊಲಿಗೆ ಮೆಷಿನ್ ತುಳಿದವಳು ನಾನು. ನಾಟಕದ ರಾಜರಿಗೆ ನಿಲುವಂಗಿ ಹೊಲಿದಿದ್ದೇನೆ. ಹೊಟ್ಟೆ ಬಂದ ವಕೀಲರನ್ನು ಹಳೆಯ ಕೋಟಿನೊಳಗೆ ತುರುಕಿ ಕಳಿಸಿದ್ದೇನೆ. ತೋಳ ಯಾವ ಮಹಾ!

ಈ ತೋಳ ಕಾಡಿನದಲ್ಲ, ಮೊಮ್ಮಗಳ ಚಿತ್ರದ ಪುಸ್ತಕದ್ದು. ನಾನು ಚಿಕ್ಕವಳಿದ್ದಾಗ ಕಥೆಯ ತೋಳ ಮಕ್ಕಳನ್ನು ತಿನ್ನುತ್ತಿತ್ತು. ನಾವೂ ಮರ್ಯಾದೆಯಾಗಿ ಹೆದರುತ್ತಿದ್ದೆವು. ಈಗಿನದು ಕುತ್ತಿಗೆಗೆ ಚುಕ್ಕಿ ಬಟ್ಟೆ ಸುತ್ತಿಕೊಂಡು, ಕೇಕು ಹಿಡಿದು ಮನೆ ಮನೆ ಬಾಗಿಲು ತಟ್ಟುತ್ತದೆ. "ಸ್ವಲ್ಪ ಹೊತ್ತು ಕೂತು ಹೋಗ್ತೀನಿ" ಎನ್ನುತ್ತದೆ. ಹಲ್ಲು ನೋಡಿದವರು ಬಾಗಿಲು ಹಾಕಿಕೊಳ್ಳುತ್ತಾರೆ. ತೋಳ ಬೇಜಾರಿಗೆ ಒಂದು ತುಂಡು ಕೇಕು ತಿಂದು ಮುಂದಿನ ಮನೆಗೆ ಹೋಗುತ್ತದೆ. ಪುಟ ತಿರುಗಿದ ಹಾಗೆ ಕೇಕು ಸಣ್ಣದಾಗುತ್ತದೆ, ಮಗುವಿನ ನಗು ದೊಡ್ಡದಾಗುತ್ತದೆ.

ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳಿಗೆ ಓದಿ ಹೇಳುತ್ತಿದ್ದವರು ನಮ್ಮವರು. ಹೋದ ವರ್ಷ ಅವಳ ಶಾಲೆಯ ಓದುವ ದಿನಕ್ಕೆ ಹೋಗಿ, "ಮುಂದಿನ ಸಲ ನಿಜವಾದ ತೋಳಾನೇ ಬರುತ್ತೆ" ಎಂದು ಇಡೀ ತರಗತಿಗೆ ಮಾತು ಕೊಟ್ಟು ಬಂದರು. ಎರಡು ತಿಂಗಳಿಗೆ ತೀರಿಕೊಂಡರು. ಮಾತು ಮಗುವಿನ ಹತ್ತಿರ ಉಳಿಯಿತು. ಈ ವರ್ಷದ ಓದುವ ದಿನದ ಹಿಂದಿನ ದಿನ ಫೋನಿನಲ್ಲಿ ಕೇಳಿದಳು:

"ಅಜ್ಜಿ, ನಾಳೆ ತೋಳ ಬರುತ್ತಲ್ಲ?"

"ಬರುತ್ತೆ ಪುಟ್ಟಿ."

ಇನ್ನೇನು ಹೇಳಲಿ?

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಅದರ ಮೇಲಿನ ಹಲಗೆಯಲ್ಲಿ ಅವರು ಕಟ್ಟಿಟ್ಟಿದ್ದ ಗಂಟು ಸಿಕ್ಕಿತು. ತೋಳದ ವೇಷಕ್ಕೆಂದು ಬೂದು ಉಣ್ಣೆ ಬಟ್ಟೆ. ಕತ್ತರಿಸಿ, ಸೀಮೆಸುಣ್ಣದ ಗುರುತು ಹಾಕಿ ಇಟ್ಟಿದ್ದರು. ಕತ್ತರಿ ಅವರದು, ಹೊಲಿಗೆ ನನ್ನದು, ನಮ್ಮ ಅಂಗಡಿಯ ಕ್ರಮವೇ ಅದು. ಅವರ ಗುರುತಿಗೆ ನಾನು ಎದುರು ಮಾತಾಡಿದವಳಲ್ಲ. ಬಾಕಿ ಎಲ್ಲದಕ್ಕೂ ಆಡಿದ್ದೇನೆ. ಬೆನ್ನಿನ ನಡುವೆ ಜಿಪ್ಪಿನ ಗೆರೆ ಎಳೆದಿದ್ದರು, ಜಿಪ್ ಹಾಕಿದೆ. ತಲೆಯನ್ನು ಕುತ್ತಿಗೆಗೆ ಸೇರಿಸಿದೆ. ಬಾಲಕ್ಕೆ ಹಳೆಯ ದಿಂಬಿನ ಹತ್ತಿ ತುಂಬಿದೆ. ಪಂಜಗಳು ಕಿತ್ತು ಬರದ ಹಾಗೆ ಎರಡೆರಡು ಹೊಲಿಗೆ ಹಾಕಿದೆ.

ಹಾಕಿ ನೋಡಬೇಕಲ್ಲ? ಜಿಪ್ಪಿಗೆ ದಾರ ಕಟ್ಟಿ, ಒಳಗೆ ಇಳಿದು, ದಾರವನ್ನು ಹೆಗಲ ಮೇಲಿಂದ ಎಳೆದೆ. ಜಿಪ್ ಸರ್ರನೆ ಕುತ್ತಿಗೆಗೆ ಏರಿತು. ದಾರ ಕಿತ್ತು ಪಂಜಕ್ಕೆ ಬಂತು. ಕನ್ನಡಿಯಲ್ಲಿ ಬಲು ಚಂದದ ತೋಳ. ಆ ತೋಳ ಹೊರಗೆ ಬರುವ ದಾರಿ ಮಾತ್ರ ಬೆನ್ನಿನಲ್ಲಿತ್ತು, ಆ ಬೆನ್ನು ಕೈಗೆ ಸಿಗುತ್ತಿರಲಿಲ್ಲ.

ಕತ್ತರಿ ಹಿಡಿಯೋಣವೆಂದರೆ ಪಂಜದಲ್ಲಿ ಬೆರಳಿಲ್ಲ. ಬಾಗಿಲ ಚಿಲಕಕ್ಕೆ ಜಿಪ್ ಸಿಕ್ಕಿಸಲು ಬಗ್ಗಿದೆ. ಜಿಪ್ ಸಿಕ್ಕಲಿಲ್ಲ, ಪರದೆ ಸಿಕ್ಕಿತು, ಸರಳಿನ ಸಮೇತ ತಲೆ ಮೇಲೆ ಬಿತ್ತು. ಬೆಚ್ಚಿ ತಿರುಗಿದರೆ ಬಾಲ ಗುಂಡಿಯ ಡಬ್ಬಕ್ಕೆ ಬಡಿಯಿತು. ಮೂವತ್ತೆರಡು ವರ್ಷದ ಗುಂಡಿಗಳು ನೆಲದ ತುಂಬ! ಅವುಗಳ ಮೇಲೆ ಜಾರಿ ಕೂತೆ. ಬಾಲದ ಹತ್ತಿ ಒಳ್ಳೆಯದಿತ್ತು, ಸೊಂಟ ಉಳಿಯಿತು.

ಅಷ್ಟರಲ್ಲಿ ಫೋನು. ಮಗಳು. ಪಂಜಕ್ಕೆ ಫೋನು ಬಗ್ಗಲಿಲ್ಲ. ಮೂಗಿನಿಂದ ಒತ್ತೋಣವೆಂದರೆ ತೋಳದ ಮೂಗು ನನ್ನ ಮೂಗಿಗಿಂತ ಒಂದು ಗೇಣು ಮುಂದೆ. ಹೊಡೆದುಕೊಂಡು ಹೊಡೆದುಕೊಂಡು ಫೋನೇ ಸುಮ್ಮನಾಯಿತು. ಮನೆಯೂ ಸುಮ್ಮನಾಯಿತು. ಅಳು ಬಂತು. ಒರೆಸಿಕೊಳ್ಳಲು ಕೈಯಿಲ್ಲವಲ್ಲ ಎಂದು ನುಂಗಿಕೊಂಡೆ.

ಎದ್ದು ಹೊರಟೆ. ಕೆಳಗಿನ ಮನೆಯ ಗಡಿಯಾರ ರಿಪೇರಿಯವರು ಬಾಗಿಲ ಕಿಂಡಿಯಲ್ಲಿ ನೋಡಿ ಎರಡೂ ಚಿಲಕ ಹಾಕಿಕೊಂಡರು. ಪಕ್ಕದ ಮನೆಯ ಟೀಚರು "ಏನೂ ಬೇಡ, ಹೋಗಿ" ಎಂದು ಒಳಗಿನಿಂದಲೇ ಕೂಗಿದರು. ಪುಸ್ತಕದ ತೋಳಕ್ಕಾದರೂ ಕೇಕಿತ್ತು.

ಉಳಿದದ್ದು ನಮ್ಮ ಎದುರು ಮನೆ. ಅಲ್ಲಿರುವುದು ರಿಟೈರಾದ ನರ್ಸಮ್ಮ, ನನಗಿಂತ ದೊಡ್ಡವರು. ನಮ್ಮವರು ಹೋದಾಗ ಹದಿನೈದು ದಿನ ಊಟದ ಡಬ್ಬಿ ತಂದುಕೊಟ್ಟರು. ಹದಿನಾರನೇ ದಿನ ನಾನು ಬಾಗಿಲು ತೆಗೆಯದೆ, "ನನಗೆ ಯಾರೂ ಬೇಡ, ಬರಬೇಡಿ" ಎಂದೆ. ಅವರು ಬರಲಿಲ್ಲ. ಹತ್ತು ತಿಂಗಳಾಯಿತು. ಆ ಬಾಗಿಲು ತಟ್ಟುವ ಬದಲು ತೋಳವಾಗಿಯೇ ಇದ್ದುಬಿಡೋಣ ಅನ್ನಿಸಿತು. ಆದರೆ ಬೆಳಗಾದರೆ ಮಗು ಕಾಯುತ್ತದೆ. ತಟ್ಟಿದೆ.

"ಯಾರು?"

"ನಾನು. ಎದುರು ಮನೆಯವಳು."

ಬಾಗಿಲು ತೆರೆಯಿತು. ನರ್ಸಮ್ಮ ಕಿವಿಯಿಂದ ಬಾಲದ ತನಕ ನೋಡಿದರು. ನಗಲಿಲ್ಲ.

"ಯಾರೂ ಬೇಡ ಅಂದಿದ್ದೆ?"

"ಬೇಡ. ಜಿಪ್ ತೆಗೆದರೆ ಸಾಕು."

"ಅಷ್ಟೇನಾ?"

"ಅಷ್ಟೇ."

"ಒಳಗೆ ಬಾ. ಮೆಟ್ಟಿಲ ಮೇಲೆ ನಿಲ್ಲಿಸಿ ಸುಲಿಯೋಕೆ ನೀನೇನು ಬಾಳೆಹಣ್ಣಾ?"

ಕೂರಿಸಿದರು. ಜಿಪ್ ಇಳಿಸುತ್ತಾ, "ಬೆನ್ನಿಗೆ ಜಿಪ್ ಇಟ್ಟ ಬುದ್ಧಿವಂತ ಯಾರು?" ಎಂದರು.

"ನಮ್ಮವರು. ತಮಗೆ ಅಂತ ಕತ್ತರಿಸಿಟ್ಟಿದ್ದರು."

"ಅವರಿಗಾ? ಅವರು ನನ್ನ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಿದ್ರು. ಇದು ನಿನಗೆ ಅಳತೆ ತೆಗೆದ ಹಾಗೆ ಕೂತಿದೆಯಲ್ಲೇ."

ಆಗ ನೋಡಿಕೊಂಡೆ. ತೋಳು, ಸೊಂಟ, ಉದ್ದ, ಎಲ್ಲ ನನ್ನದೇ. ಜಿಪ್ಪು ಬೆನ್ನಿಗೆ ಯಾಕೆ ಎಂದೂ ತಿಳಿಯಿತು. ಏರಿಸಲು ಇಳಿಸಲು ತಾವಿರುತ್ತೇವೆ ಅಂದುಕೊಂಡಿದ್ದರು. ಅಷ್ಟು ವರ್ಷದಲ್ಲಿ ಅವರ ಅಳತೆ ತಪ್ಪಿದ್ದು ಅಲ್ಲೊಂದೇ.

"ಜಿಪ್ ಮುಂದಕ್ಕೆ ಹಾಕ್ಕೋ. ಒಬ್ಬಳೇ ಹಾಕ್ಕೊಂಡು ತೆಗೀಬಹುದು" ಎಂದರು ನರ್ಸಮ್ಮ.

"ಬೇಡ. ಅವರು ಇಟ್ಟಲ್ಲೇ ಇರಲಿ."

"ಹಾಗಾದ್ರೆ ನಾಳೆ ಶಾಲೇಲಿ ಯಾರು ಹಾಕ್ತಾರೆ?"

ಬಾಲದ ಹತ್ತಿಯನ್ನು ಒತ್ತಿ ಒತ್ತಿ ಸರಿಮಾಡಿದೆ. ಅವರು ಪಂಜದ ಹೊಲಿಗೆ ನೋಡುತ್ತಾ ಕಾದರು. ಕೊನೆಗೆ ನಾನೇ ಸೋತೆ.

"ನೀವು ಬರ್ತೀರಾ?"

"ಕೇಳೋಕೆ ಹತ್ತು ತಿಂಗಳು ಬೇಕಾಯ್ತಾ?" ಎಂದು ಚಹಾಕ್ಕೆ ನೀರಿಟ್ಟರು.

ಮರುದಿನ ನರ್ಸಮ್ಮ ಪುಸ್ತಕ ಓದಿದರು, ನಾನು ಬಾಗಿಲು ತಟ್ಟಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಮುಗಿದ ಮೇಲೆ ಮೊಮ್ಮಗಳು ಬಂದು ನನ್ನ ಬಾಲ ಹಿಡಿದಳು. ಗುರುತು ಸಿಕ್ಕಿರಲಾರದೆಂದು ನಾನು ಗಂಟಲು ದಪ್ಪ ಮಾಡಿ ಗುರ್ ಎಂದೆ.

"ಅಜ್ಜಿ, ನೀನೇ ತೋಳ ಅಂತ ನಂಗೆ ಹೋದ ವರ್ಷವೇ ಗೊತ್ತು. ತಾತ ಹೇಳಿದ್ರು. ನಿಂಗೆ ಹೇಳ್ಬೇಡ ಅಂದಿದ್ರು."

"ಮತ್ತೇನಂದ್ರು?"

"ನಮ್ಮನೆ ತೋಳಕ್ಕೆ ಹೆದರ್ಕೋಬೇಡಿ, ಬರೀ ಗುರ್ ಅನ್ನುತ್ತೆ, ಕಚ್ಚಲ್ಲ ಅಂದ್ರು."

ಇದಕ್ಕೆ ತಿರುಗಿಸಿ ಕೊಡುವ ಮಾತು ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಕೇಳಬೇಕಾದವರು ಇರಲಿಲ್ಲ.

ತರಗತಿ ಖಾಲಿಯಾಯಿತು. ನರ್ಸಮ್ಮ ಹಿಂದೆ ಬಂದು ನಿಂತು, "ಜಿಪ್ ತೆಗೀಲಾ?" ಎಂದರು.

"ಸ್ವಲ್ಪ ಹೊತ್ತು ಬಿಡಿ" ಎಂದೆ, ತೋಳದ ಒಳಗಿನಿಂದ.