ಸುರುಳಿ ರೆಕ್ಕೆಯ ನೊಣಗಳ ವಂಶಶುದ್ಧಿಯನ್ನು ಸ್ಪಷ್ಟಪಡಿಸುವ ಬಗ್ಗೆ

ಸಂಖ್ಯೆ: ನೊ.ಸಾ. 17/38-39
ನೊಣ ಸಾಕಣೆ ಶಾಖೆ, ಮಾಲೂರು
ದಿನಾಂಕ: 22ನೇ ಆಗಸ್ಟ್ 1938

ಉಲ್ಲೇಖ: 1) "ಏನ್ಲಾ, ನಾಲ್ಕನೇ ಕ್ಲಾಸು ಬಿಟ್ಟೋನೆ! ನಿಮ್ಮ ತಾತನ ಅಪ್ಪನ ಹೆಸರು ಗೊತ್ತಿಲ್ಲ ನಿಂಗೆ, ನೊಣದ ವಂಶ ಹೇಳೋಕೆ ಬಂದ್ಯಾ?" ಎಂದು ಸೀಸೆ ತೊಳೆಯುವ ಕದಿರೇಶನಿಗೆ ಮೇಲ್ವಿಚಾರಕ ಕೋದಂಡರಾಮಪ್ಪನವರು ಇಬ್ಬರು ಗುಮಾಸ್ತರು ಹಾಗೂ ಬೆಲ್ಲ ತಂದ ವಕ್ಕಲೇರಿ ಆಂಜಿನಮ್ಮನ ಎದುರು ಹೊರಡಿಸಿದ ಮೌಖಿಕ ಆದೇಶ.
2) ಗೋಡೆಯ ಮೇಲಿನ ಇದ್ದಿಲ ಬರಹ.

ಶಾಖೆಯಲ್ಲಿ ಹಾಲಿನ ಸೀಸೆಗಳೊಳಗೆ ರಾಗಿ ಗಂಜಿ, ಬೆಲ್ಲ ಹಾಕಿ ಸಾಕುತ್ತಿರುವ ಹಣ್ಣಿನ ನೊಣಗಳು ಸುರುಳಿ ರೆಕ್ಕೆಯವಾಗಿದ್ದು, ವಂಶ ಅಪ್ಪಟ ಶುದ್ಧವೆಂದು ಮೇಲಧಿಕಾರಿಗಳಿಗೆ ಈಗಾಗಲೇ ಬರೆದುಕೊಳ್ಳಲಾಗಿದೆ. ಆದಾಗ್ಯೂ ಪ್ರತಿ ಸೀಸೆಯಲ್ಲೂ ನೇರ ರೆಕ್ಕೆಯವು ಹುಟ್ಟುತ್ತಿವೆ. ಕದಿರೇಶನು ಸೀಸೆಯ ಬಾಯಿಯ ಹತ್ತಿಯನ್ನು ಸಡಿಲ ಬಿಟ್ಟು ಬೀದಿ ನೊಣಗಳನ್ನು ಒಳಗೆ ಬಿಟ್ಟಿದ್ದಾನೆಂದು ತೀರ್ಮಾನಿಸಲಾಗಿದೆ. ಒಪ್ಪಿಕೊಳ್ಳದಿದ್ದಲ್ಲಿ ಅವನ ಕೆಲಸ ಹೋಗತಕ್ಕದ್ದು.

ಅವನ ಹೇಳಿಕೆ: "ನಾನು ಬಿಟ್ಟಿಲ್ಲ ಸಾರ್. ಎಣಿಸಿದೀನಿ. ಯಾವ ಸೀಸೆ ನೋಡಿದ್ರೂ ಎರಡು ಸುರುಳಿಗೆ ಒಂದು ನೇರ. ಅಪ್ಪನಿಂದ್ಲೂ ಅಮ್ಮನಿಂದ್ಲೂ ಸುರುಳಿ ಬಂದದ್ದು ಮೊಟ್ಟೇಲೇ ಸತ್ತೋಗುತ್ತೆ. ಬದುಕಿರೋ ಸುರುಳಿ ಎಲ್ಲಾ ಬೆರಕೆನೇ, ಒಳಗೆ ಒಂದು ಪಾಲು ನೇರದ್ದು ಇದ್ದೇ ಇರುತ್ತೆ. ಶುದ್ಧದ್ದು ಒಂದೂ ಇಲ್ಲ."

ಹೇಳಿಕೆಯನ್ನು ಕೇಳಲಾಗಿಲ್ಲ. ಕಾರಣ, ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ:

1. ವಂಶವು ಶುದ್ಧ. ಇದು ನೊಣಗಳು ಹುಟ್ಟುವುದಕ್ಕೂ ಮುಂಚಿನಿಂದ ಜಾರಿಯಲ್ಲಿರುತ್ತದೆ.

2. ನೇರ ರೆಕ್ಕೆಯವು ಹುಟ್ಟಿಲ್ಲವೆಂದು ಭಾವಿಸತಕ್ಕದ್ದು. ಹಾರುತ್ತಿದ್ದರೂ ಸಹ.

3. ಪ್ರತಿ ನೊಣವೂ ತನ್ನ ಊರಿನ ಶಾನುಭೋಗರಿಂದ ವಂಶವೃಕ್ಷ ಪಡೆದು, ಪಟೇಲರ ರುಜುವಿನೊಂದಿಗೆ ಹಾಜರುಪಡಿಸತಕ್ಕದ್ದು. ಇದಕ್ಕಾಗಿ ಹೋಳೂರಿಗೆ ಕಳುಹಿಸಿದ ಅರ್ಜಿಗಳು, ಅರ್ಜಿದಾರರ ಎಡಗೈ ಹೆಬ್ಬೆಟ್ಟಿನ ಗುರುತಿಲ್ಲವೆಂಬ ಕಾರಣಕ್ಕೆ ವಾಪಸು ಬಂದಿವೆ. ನೊಣಗಳ ಈ ಉದ್ಧಟತನವನ್ನು ಇಲಾಖೆ ಗಂಭೀರವಾಗಿ ಪರಿಗಣಿಸಿದೆ.

4. ಒಡೆಯದೆ ಉಳಿದ ಮೊಟ್ಟೆಗಳು ಅನುಮತಿಯಿಲ್ಲದೆ ಗೈರುಹಾಜರಾಗಿವೆ. ಮೂರು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು.

5. ಶ್ರೀನಿವಾಸಪುರದ ಮಾವಿನ ತೋಪುಗಳಿಂದಲೂ ಮುಳಬಾಗಿಲಿನ ಸಂತೆಯಿಂದಲೂ ಬರುವ ನೊಣಗಳು ರಸ್ತೆಯ ಎಡಗಡೆಯಲ್ಲೇ ಹಾರತಕ್ಕದ್ದು. ಕೋಲಾರದ ಈಚೆಗೆ ರೆಕ್ಕೆ ಮಡಚಿಕೊಂಡು ನಡೆಯತಕ್ಕದ್ದು.

6. ಲೋಯರ್ ಸೆಕೆಂಡರಿ ಪಾಸಾಗದವರು ಕೋಳಿ ಗರಿಯಲ್ಲಿ ನೊಣ ವಿಂಗಡಿಸಬಹುದು, ಎಣಿಸಕೂಡದು. ಕಣ್ಣಿಗೆ ತಾನಾಗಿ ಎಣಿಕೆ ಬಂದಲ್ಲಿ ಕೂಡಲೇ ಮರೆಯತಕ್ಕದ್ದು. ಕದಿರೇಶನು ಇದ್ದಿಲಲ್ಲಿ ಬರೆದ ಲೆಕ್ಕಕ್ಕೆ ಸುಣ್ಣ ಹೊಡೆಸಲಾಗಿದೆ. ಲೆಕ್ಕ ಮತ್ತೆ ಕಾಣಿಸಿಕೊಂಡಿದೆ. ಎರಡನೇ ಸಲ ಹೊಡೆಸಲಾಗಿದೆ.

7. ಆಪಾದನೆಯನ್ನು ಸಂಶಯಾತೀತವಾಗಿ ಸಾಬೀತುಪಡಿಸಲು, ಈ ತಿಂಗಳ 9ರಂದು ಮೇಲ್ವಿಚಾರಕರು ಸುರುಳಿ ಹೆಣ್ಣು, ಸುರುಳಿ ಗಂಡುಗಳನ್ನು ಖುದ್ದಾಗಿ ಹೊಸ ಸೀಸೆಗೆ ಬಿಟ್ಟು, ಖುದ್ದಾಗಿ ಹತ್ತಿ ತುರುಕಿ, ದಾರ ಕಟ್ಟಿ, ಗಂಟಿಗೆ ಅರಗಿನ ಮೊಹರು ಒತ್ತಿ, ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಜನಿವಾರದಲ್ಲಿತ್ತು. ಇಂದು ಎಲ್ಲರೆದುರು ತೆರೆಯಲಾಗಿ ಸುರುಳಿ 94, ನೇರ 47 ಕಂಡುಬಂದವು.

8. ಮೊಹರು ಒಡೆಯದೆ ಬೀದಿ ನೊಣಗಳನ್ನು ಒಳಗೆ ಹೇಗೆ ಬಿಟ್ಟನೆಂಬುದನ್ನು ಕದಿರೇಶನೇ ವಿವರಿಸತಕ್ಕದ್ದು. "ಅರಗು ನಿಮ್ದೇ, ದಾರ ನಿಮ್ದೇ, ಬೀಗ ನಿಮ್ದೇ. ಇನ್ನು ಆ ವುಡುಗುನ್ನ ಏನಂತ ಕೇಳ್ತೀರಪ್ಪಾ?" ಎಂದು ಆಂಜಿನಮ್ಮ ಆಡಿದ ಮಾತು ಬೆಲ್ಲಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಕಡತಕ್ಕೆ ಸೇರಿಸಿಲ್ಲ.

9. ಕದಿರೇಶನು ತಪ್ಪೊಪ್ಪಿಗೆ ಪತ್ರಕ್ಕೆ, ರುಜು ಮಾಡಲು ಬಲ್ಲವನಾದರೂ, ಹೆಬ್ಬೆಟ್ಟನ್ನೇ ಒತ್ತತಕ್ಕದ್ದು. ನೊಣಗಳಿಗೆ ಇಲ್ಲದ ಸೌಲಭ್ಯ ಅವನಿಗಿದೆಯೆಂಬುದನ್ನು ಮರೆಯಬಾರದು.

(ರುಜು) ಕೋದಂಡರಾಮಪ್ಪ
ಮೇಲ್ವಿಚಾರಕರು
(ಅರಗಿನ ಮೊಹರು ವಿಚಾರಣೆಯಲ್ಲಿರುವುದರಿಂದ ಒತ್ತಿಲ್ಲ.)

ಪ್ರತಿಗಳು:
ಹೋಳೂರು ಶಾನುಭೋಗರಿಗೆ, ಹೆಬ್ಬೆಟ್ಟಿನ ವಿಚಾರವಾಗಿ.
ನಂಗಲಿ ಗಡಿಯ ಸುಂಕದ ಕಟ್ಟೆಗೆ, ರೆಕ್ಕೆ ನೆಟ್ಟಗಿರುವವರನ್ನೆಲ್ಲ ತಡೆಯುವ ಸಲುವಾಗಿ.
ಸುರುಳಿ ನೊಣಗಳಿಗೆ, 94 ಪ್ರತಿ. ಉಳಿದ 47 ಹುಟ್ಟಿಲ್ಲ.
ಸುಣ್ಣ ಹೊಡೆಯುವವರಿಗೆ, ಮೂರನೇ ಸಲಕ್ಕಾಗಿ.
ಕದಿರೇಶನಿಗೆ: ಪ್ರತಿಯನ್ನು ಕೈಗೆ ಕೊಟ್ಟು, "ಈಗೇನ್ಲಾ ಹೇಳ್ತೀಯಾ?" ಎಂದು ಎಲ್ಲರೆದುರು ಕೇಳಲಾಯಿತು. ಅವನು ಕೋಳಿ ಗರಿಯನ್ನು ಮೇಜಿನ ಮೇಲಿಟ್ಟು, ಹೊರಗಿನ ನೊಣ ಒಳಗೆ ಬಾರದಂತೆ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡು ಹೊರಟುಹೋಗಿರುತ್ತಾನೆ.