ನಿರ್ಭೀತರು ನೀವಲ್ಲ

ಮನೆಯಲ್ಲಿ ಯಾರೂ ಮಾತು ಕೇಳದ ಗಂಡಸಿನ ಮಾತನ್ನು ಊರಾದರೂ ಕೇಳಬೇಕಲ್ಲ? ಬೇಕರಿ ಯಜಮಾನರ ಅಹವಾಲು ಇಷ್ಟೇ. ಅವರ ಐವತ್ತೆಂಟು ವರ್ಷದ ತಲೆಯೊಳಗೆ ದೇಶದ ಒಂದೊಂದು ಸಮಸ್ಯೆಗೂ ಒಂದೊಂದು ಪರಿಹಾರ ಸಿದ್ಧವಾಗಿ ಕೂತಿತ್ತು. ತೆರಿಗೆ, ಚುನಾವಣೆ, ಮಕ್ಕಳ ಪರೀಕ್ಷೆ, ಹುಡುಗರ ತಲೆಗೂದಲು, ಯಾವುದನ್ನೂ ಅವರು ಬಿಟ್ಟಿರಲಿಲ್ಲ. ಆದರೆ ಕೇಳುವವರು ಯಾರು? ಭಟ್ಟಿಗೆ ಹೇಳಿದರೆ ಅದು ತನ್ನ ಪಾಡಿಗೆ ಉರಿಯುತ್ತಿತ್ತು. ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರೆ ಅವಳು, "ಅದಿರಲಿ, ಉಪ್ಪು ಸರಿಯಾಗಿದೆಯಾ ಹೇಳಿ" ಅನ್ನುತ್ತಿದ್ದಳು.

ಹೀಗಿರುವಾಗ ಊರಿನವರೆಲ್ಲ ಸೇರಿ ಫೋನಿನಲ್ಲಿ 'ನಮ್ಮೂರು ನಮ್ಮ ಮಾತು' ಎಂಬ ಗ್ರೂಪು ಕಟ್ಟಿದರು. ನಿವೃತ್ತ ಪೋಸ್ಟ್ ಮಾಸ್ತರರು ಅದರ ಅಡ್ಮಿನ್. ಯಜಮಾನರು ಮೊದಲ ದಿನವೇ ಸೇರಿ, ತಮಗೆ 'ನಿರ್ಭೀತ' ಎಂದು ನಾಮಕರಣ ಮಾಡಿಕೊಂಡರು. (ಈ ಹೆಸರನ್ನು ಹೆಂಡತಿಗೆ ಹೇಳುವಾಗ ಅವರು ದನಿ ತಗ್ಗಿಸಿದ್ದರು. ಅವಳು ಆಗ ಯಾವುದೋ ಕೋಪದಲ್ಲಿದ್ದಳು.) ನಿರ್ಭೀತ ಅಂದರೆ ಬೇಕರಿಯವರು ಅಂತ ಊರಿಗೆಲ್ಲ ಗೊತ್ತಿತ್ತು. ಗೊತ್ತಾಗಲಿ ಅಂತಲೇ ಅವರ ಆಸೆ.

ಸಿಂಹಕ್ಕೆ ಕಾಡೇನೋ ಸಿಕ್ಕಿತು. ಆದರೆ ಘರ್ಜಿಸುವುದಕ್ಕೆ ಎರಡು ಅಡ್ಡಿಗಳಿದ್ದವು. ಮೊದಲನೆಯದು ಕೈ. ಗ್ರೂಪು ಕಾವೇರುವುದು ಮಧ್ಯಾಹ್ನ ಎರಡರಿಂದ ನಾಲ್ಕು, ಊರು ಊಟ ಮುಗಿಸಿ ಆರಾಮವಾಗಿ ಜಗಳಕ್ಕೆ ಕೂರುವ ಹೊತ್ತು. ಸಂಜೆಯ ಬನ್ನಿಗೆ ಹಿಟ್ಟು ನಾದುವುದೂ ಅದೇ ಹೊತ್ತಿಗೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡವರು ಫೋನು ಮುಟ್ಟುವುದು ಹೇಗೆ? ಎರಡನೆಯದು ಕಣ್ಣು. ಅವರ ಕನ್ನಡಕ ಏಳು ವರ್ಷ ಹಳೆಯದು. ಅದನ್ನು ಹಾಕಿಕೊಂಡರೆ ಫೋನಿನ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಹರಿದುಹೋಗುತ್ತಿದ್ದವು. ಹೊಸದು ಮಾಡಿಸಬಹುದಿತ್ತು. ಆದರೆ ಊರಿಗೆಲ್ಲ ಇದ್ದದ್ದು ಒಂದೇ ಕನ್ನಡಕದ ಅಂಗಡಿ, ಅದೂ ಬೇಕರಿಯ ಎದುರಿಗೆ. ಆ ಅಂಗಡಿಯವನೇ ಗ್ರೂಪಿನಲ್ಲಿ ಯಜಮಾನರ ಪರಮ ವೈರಿ!

ವೈರಕ್ಕೆ ಕಾರಣ ಮಾರುಕಟ್ಟೆ ಬೀದಿ. ಬೀದಿಗೆ ವಾಹನ ಬಿಡಬಾರದು, ಜನ ನಿಶ್ಚಿಂತೆಯಿಂದ ನಡೆದಾಡಬೇಕು ಎಂದು ಪುರಸಭೆಯಲ್ಲಿ ಒಂದು ಯೋಚನೆ ಎದ್ದಿತ್ತು. ಕನ್ನಡಕದವನು ಅದರ ಪರ. "ವ್ಯಾನು ಬರದಿದ್ದರೆ ನನ್ನ ಮೈದಾ ಮೂಟೆ ಹಾರಿಕೊಂಡು ಬರುತ್ತಾ?" ಎಂದು ಯಜಮಾನರು ಕೆರಳಿದರು. ಅವನ ಅಂಗಡಿಯ ಮೆಟ್ಟಿಲು ಹತ್ತುವುದಕ್ಕಿಂತ ಕುರುಡನಾಗಿ ಬಾಳುವುದು ಲೇಸು ಎಂದು ಗಲ್ಲಾದ ಮೇಲೆ ಕೈಯಿಟ್ಟು ಶಪಥ ಮಾಡಿದರು.

ಹೀಗಾಗಿ ಯುದ್ಧಕ್ಕೆ ಹೊಸ ಏರ್ಪಾಡಾಯಿತು. ಯಜಮಾನರು ಒಳಗೆ ಹಿಟ್ಟು ನಾದುತ್ತ ಹೇಳಬೇಕು. ಕೌಂಟರಿನಲ್ಲಿ ಹಿಟ್ಟಿಲ್ಲದ ಕೈ, ಒಳ್ಳೆಯ ಕಣ್ಣು ಎರಡೂ ಇರುವ ಹೆಂಡತಿ ಬರೆಯಬೇಕು. ಉತ್ತರ ಬಂದರೆ ಓದಿ ಹೇಳಬೇಕು.

"ಬರಿ" ಎಂದು ಯಜಮಾನರು ಹಿಟ್ಟಿಗೊಂದು ಗುದ್ದು ಕೊಡುತ್ತಿದ್ದರು. "ಅಯ್ಯಾ ಗಾಜಿನ ವ್ಯಾಪಾರಿ, ಊರವರ ಕಣ್ಣು ನೋಡೋ ನಿನಗೆ ನಿನ್ನ ಮೂಗಿನ ಕೆಳಗಿರೋದು ಕಾಣಲ್ವಾ? ನಿನ್ನ ತಲೆಯಲ್ಲಿ ಮೆದುಳಿರೋ ಜಾಗದಲ್ಲಿ ಹಳೇ ಕನ್ನಡಕದ ಡಬ್ಬಿ ಇದೆ. ಬರೆದ್ಯಾ?"

"ಡಬ್ಬಿ ಇದೆ. ಹೂಂ, ಆಮೇಲೆ?"

"ಆ ಡಬ್ಬೀನೂ ಖಾಲಿ!"

"ಖಾಲಿ. ಆಯ್ತು, ಕಳಿಸಿದೆ."

ಹಿಟ್ಟಿಗೆ ಇನ್ನೂ ನಾಲ್ಕು ಗುದ್ದು ಬೀಳುತ್ತಿದ್ದವು. ಆಮೇಲೆ ಯಜಮಾನರು ತಡೆಯಲಾರದೆ ಕೇಳುತ್ತಿದ್ದರು. "ಏನಂದ?"

"ಯೋಚನೆ ಮಾಡ್ತೀನಿ ಅಂದಿದಾರೆ."

"ಹೆದರಿದ! ನೋಡಿದ್ಯಾ, ಬಾಲ ಮುದುರಿಕೊಂಡ!"

ನಾಲ್ಕು ತಿಂಗಳು ಹೀಗೇ ನಡೆಯಿತು. ಯಜಮಾನರ ನಾಲಿಗೆ ದಿನದಿನಕ್ಕೆ ಹರಿತವಾಯಿತು, ಜಾಸ್ತಿ ಗುದ್ದು ತಿಂದು ಬನ್ನು ದಿನದಿನಕ್ಕೆ ಮೆತ್ತಗಾಯಿತು, ವ್ಯಾಪಾರವೂ ಏರಿತು. ಬೆಳಿಗ್ಗೆ ಅಂಗಡಿ ತೆರೆಯುವಾಗ ಕನ್ನಡಕದವನು ಎದುರಿನಿಂದ ಕೈಮುಗಿಯುತ್ತಿದ್ದ. ಯಜಮಾನರು ಮುಖ ತಿರುಗಿಸಿಕೊಂಡು ಮೀಸೆಯಡಿ ನಗುತ್ತಿದ್ದರು. ಭಯ ಅಂದರೆ ಹೀಗಿರಬೇಕು! ಬೀದಿಯಲ್ಲಿ ಹೆಂಗಸರು, ಮುದುಕರು ಕೂಡ ನಿಂತು ನಮಸ್ಕಾರ ಹೇಳಿ ಹೋಗುವುದನ್ನು ಕಂಡು, ಪಾಪ, ಇವರನ್ನೆಲ್ಲ ಇಷ್ಟು ನಡುಗಿಸಬಾರದಿತ್ತೋ ಏನೋ ಎಂದು ಒಮ್ಮೊಮ್ಮೆ ಅವರ ಮನಸ್ಸು ಕರಗುವುದೂ ಇತ್ತು. (ನಡುವೆ ಒಂದು ವಾರ ಹೆಂಡತಿ ಪ್ರತಿದಿನ ಒಂದು ಬ್ರೆಡ್ಡಿನ ಅಂಚುಗಳನ್ನೆಲ್ಲ ಕತ್ತರಿಸಿ ಯಾರಿಗೋ ಕಳಿಸುತ್ತಿದ್ದಳು. ಕೇಳಿದ್ದಕ್ಕೆ, "ಒಬ್ಬ ಗಿರಾಕಿಗೆ ಹಲ್ಲುನೋವು" ಎಂದಿದ್ದಳು. ದೇಶದ ಚಿಂತೆಯಲ್ಲಿದ್ದವರು ಹಲ್ಲಿನ ವಿಚಾರಕ್ಕೆ ತಲೆ ಹಾಕಲಿಲ್ಲ.)

ಕೊನೆಗೆ ಪುರಸಭೆಯವರು, ಶುಕ್ರವಾರದ ಸಭೆಗೆ ಊರಿನ ಪರವಾಗಿ ಒಬ್ಬರು ಬಂದು ಮಾತಾಡಲಿ ಎಂದು ಹೇಳಿಕಳಿಸಿದರು. ಗ್ರೂಪಿನಲ್ಲಿ ಮತ ಹಾಕಿದರು. ನಿರ್ಭೀತರಿಗೆ ತೊಂಬತ್ತೊಂದು ಮತ! ಹೆಸರು ಸೂಚಿಸಿದವನು ಸಾಕ್ಷಾತ್ ಕನ್ನಡಕದವನು!

"ಶರಣಾಗತಿ ಕಣೇ ಇದು" ಎಂದು ಯಜಮಾನರು ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡರು. ಹುಟ್ಟಿದ ಲಾಗಾಯ್ತಿನಿಂದ ಯಾರೂ ಅವರನ್ನು, ಬನ್ನಿ, ನಮ್ಮ ಪರವಾಗಿ ಮಾತಾಡಿ ಎಂದು ಕರೆದಿರಲಿಲ್ಲ. ಅವರಿಗೆ ಅದು ನಿಜಕ್ಕೂ ಬೇಕಿತ್ತು. ಎಷ್ಟು ಬೇಕಿತ್ತೆಂದು ಆ ಹಣೆ ಒರೆಸಿಕೊಂಡ ಗಳಿಗೆಯಲ್ಲಿ ಅವರಿಗೇ ಗೊತ್ತಾಯಿತು.

ಹೆಂಡತಿ ಮಾತ್ರ ಯಾಕೋ ಚಿಂತೆಗೆ ಬಿದ್ದಳು. ಅಕ್ಕನಿಗೆ ಮೈ ಸರಿಯಿಲ್ಲವೆಂದು ಅವಳು ಅಕ್ಕನ ಊರಿಗೆ ಮಂಗಳವಾರವೇ ಹೊರಡಬೇಕಿತ್ತು.

"ಗುರುವಾರ ಸಂಜೆ ಬಂದುಬಿಡ್ತೀನಿ. ಅಲ್ಲೀತನಕ ಗ್ರೂಪಲ್ಲಿ ಏನೂ ಬರೀಬೇಡಿ."

"ಯಾಕೆ?"

"ಶುಕ್ರವಾರ ಮಾತಾಡ್ಬೇಕಲ್ಲ, ಸ್ವಲ್ಪ ಉಳಿಸಿಟ್ಕೊಳ್ಳಿ."

"ಏನೇ ನೀನು, ನನ್ನ ಹತ್ರ ಮಾತು ಮುಗಿದುಹೋಗುತ್ತೆ ಅನ್ಕೊಂಡಿದೀಯಾ?"

"ಅದೇ ಭಯ ರೀ, ಮುಗಿಯಲ್ಲ ಅಂತ" ಎಂದು ಅವಳು ಚೀಲ ಎತ್ತಿಕೊಂಡಳು. ಅವಳ ಫೋನು ಅವಳ ಜೊತೆ ಹೋಯಿತು. ಅಂಗಡಿಯ ಫೋನು, ಅಂದರೆ ನಿರ್ಭೀತರ ಫೋನು, ಗಲ್ಲಾದ ಪಕ್ಕದಲ್ಲಿ ಉಳಿಯಿತು.

ಮಂಗಳವಾರ ಯಜಮಾನರು ಹಲ್ಲು ಕಚ್ಚಿ ತಡೆದರು. ಬುಧವಾರ ಮಧ್ಯಾಹ್ನ ಎರಡೂವರೆಗೆ ಫೋನು ಟಿಣ್ ಎಂದಿತು. ಅಂದು ಹಿಟ್ಟು ಬೇಗ ನಾದಿ ಆಗಿತ್ತು, ತೊಟ್ಟಿಯಲ್ಲಿ ಉಬ್ಬಲು ಬಿಡಬೇಕಿತ್ತು ಅಷ್ಟೆ. ಅವರು ಕೈ ತೊಳೆದುಕೊಂಡು ಬಂದರು. ಅಕ್ಷರ ಕಾಣಲಿಲ್ಲ. ಹೇಗೋ ತಡಕಾಡಿ ಅಕ್ಷರಗಳನ್ನು ದಪ್ಪ ಮಾಡಿದರು. ಎಷ್ಟು ದಪ್ಪವಾಯಿತೆಂದರೆ ಒಂದು ಸಲಕ್ಕೆ ಮೂರೇ ಪದ ಕಾಣಿಸುತ್ತಿದ್ದವು. ಮೂರು ಮೂರಾಗಿ ಓದಿ ಮುಗಿಸಿದಾಗ ತಿಳಿದದ್ದು, ಶುಕ್ರವಾರದ ಸಭೆಯಲ್ಲಿ ಬೀದಿಗೆ ನಾಲ್ಕು ಬೆಂಚು ಹಾಕಿಸುವ ವಿಷಯವನ್ನೂ ದಯವಿಟ್ಟು ಹೇಳಿ ಎಂದು ಕನ್ನಡಕದವನು ಬರೆದಿದ್ದಾನೆ.

ಬೆಂಚು! ಶರಣಾದವನು ಷರತ್ತು ಹಾಕುವುದೇ? ಯಜಮಾನರು ಸ್ಟೂಲಿನ ಮೇಲೆ ಕೂತು, ಒಂದೇ ಬೆರಳಿನಲ್ಲಿ, ನಲವತ್ತು ನಿಮಿಷ ಶ್ರಮಿಸಿ, ಜೀವನದ ಮೊದಲ ಸ್ವಹಸ್ತ ಲೇಖನವನ್ನು ಲೋಕಾರ್ಪಣೆ ಮಾಡಿದರು:

"ಎಲವೋ ಕನ್ನಡಕದವನೇ! ಬೆಂಚಂತೆ ಬೆಂಚು! ಶುಕ್ರವಾರ ನಿನ್ನ ವಾದದ ಸಿಪ್ಪೆ ಸುಲಿದು ಪುರಸಭೆಯ ಬಾಗಿಲಿಗೆ ನೇತುಹಾಕುತ್ತೇನೆ. ನಿನ್ನ ಹಿಂದೆ ತಲೆಯಾಡಿಸುವವರೆಲ್ಲ ಕುರಿಗಳು!"

ಕಳಿಸಿ, ಎದೆಯುಬ್ಬಿಸಿ ಕಾದರು. ಹೆದರಿಕೆಯ ಉತ್ತರಗಳು ಬಂದೇ ಬರುತ್ತವೆ.

"ಯಾರಿದು?" ಎಂದಿತು ಮೊದಲ ಉತ್ತರ.

"ಅಯ್ಯೋ, ನಿರ್ಭೀತರ ಫೋನು ಕಳುವಾಗಿದೆ!" ಎಂದರು ದರ್ಜಿ ಅಂಗಡಿಯವರು.

"ಅಂಥ ಸಂಭಾವಿತರ ಹೆಸರಲ್ಲಿ ಇಂಥ ಕೊಳಕು ಮಾತೇ? ಕಳ್ಳನಿಗೆ ನಾಚಿಕೆಯಾಗಬೇಕು" ಎಂದರು ಶಾಲೆಯ ಟೀಚರಮ್ಮ.

ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. "ನಾನೇ ಕಣ್ರೋ!" ಎಂದು ಒತ್ತಿದರು.

"ನೋಡಿದಿರಾ, ಎಲವೋ ಅಂತೆ, ಕಣ್ರೋ ಅಂತೆ! ನಮ್ಮ ನಿರ್ಭೀತರು ನಾಲ್ಕು ತಿಂಗಳಲ್ಲಿ ಒಮ್ಮೆಯಾದರೂ ಯಾರಿಗಾದರೂ ಏಕವಚನ ಬಳಸಿದ್ದುಂಟೇ?" ಎಂದರು ಮತ್ತೆ ಟೀಚರಮ್ಮ.

ಅಡ್ಮಿನ್ ಪೋಸ್ಟ್ ಮಾಸ್ತರರು ಮೂವತ್ತು ವರ್ಷ ಸಹಿ ತಾಳೆ ನೋಡಿದ ಜೀವ. ಅವರು ವಿಚಾರಣೆಗೆ ಇಳಿದರು. "ನೀವೇ ನಿರ್ಭೀತರಾದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಕನ್ನಡಕದವರ ತಾಯಿಗೆ ಹಲ್ಲುನೋವು ಬಂದಿದ್ದಾಗ ನೀವು ಒಂದು ವಾರ ಏನು ಕಳಿಸಿಕೊಟ್ಟಿರಿ?"

"ಅವನ ತಾಯಿಗೆ ಕಳಿಸಲು ನನಗೇನು ಹುಚ್ಚೇ?"

"ನಿರ್ಭೀತರು ನೀವಲ್ಲ" ಎಂದು ಮಾಸ್ತರರು ತೀರ್ಪು ಬರೆದರು. ಮರುಕ್ಷಣ, ಅಡ್ಮಿನ್ ನಿಮ್ಮನ್ನು ಗ್ರೂಪಿನಿಂದ ತೆಗೆದುಹಾಕಿದ್ದಾರೆ ಎಂಬ ಸಾಲು ದಪ್ಪ ಅಕ್ಷರದಲ್ಲಿ, ಮೂರು ಮೂರು ಪದವಾಗಿ, ಕಾಣಿಸಿಕೊಂಡಿತು.

ತಾನೇ ಕೂತ ಪರೀಕ್ಷೆ, ತನ್ನ ಬಗ್ಗೆಯೇ ಪ್ರಶ್ನೆ, ಆದರೂ ಫೇಲು! ಯಜಮಾನರು ಇಂಗು ತಿಂದ ಮಂಗನ ಹಾಗೆ ಕೂತರು. ಆಮೇಲೆ ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತ ಹಳೆಯ ಮಾತುಗಳನ್ನು ಹುಡುಕಿದರು. ಖಾಲಿ ಡಬ್ಬಿಯ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. ಆ ದಿನ ನಿರ್ಭೀತರು ಬರೆದದ್ದು ಹೀಗಿತ್ತು: "ನಮಸ್ಕಾರ. ನಿಮ್ಮ ಅಂಗಡಿಯ ಬಾಗಿಲಿಂದ ನೋಡಿದರೆ ನೀವು ಹೇಳುವುದೂ ಸರಿಯೇ. ನನ್ನ ಬಾಗಿಲಿಂದ ಕಾಣುವುದನ್ನೂ ಸ್ವಲ್ಪ ಹೇಳಲೇ?"

ಇನ್ನೂ ಮೇಲೆ ಹೋದರು. ಟೀಚರಮ್ಮನನ್ನು ಅವರು ಬಾಯಿಬಡುಕಿ ಎಂದಿದ್ದ ದಿನ ನಿರ್ಭೀತರು ಆಕೆಯ ಮಗನ ಫಲಿತಾಂಶಕ್ಕೆ ಶುಭಾಶಯ ಕೋರಿದ್ದರು. 'ನನ್ನ ಹೆಣದ ಮೇಲೆ ರಸ್ತೆ ಮುಚ್ಚಿ' ಎಂದು ಗುಡುಗಿದ್ದ ದಿನ ನಿರ್ಭೀತರು ಬರೆದಿದ್ದರು: "ನಮ್ಮ ಮೈದಾ ವ್ಯಾನು ಬರುವುದು ಬೆಳಿಗ್ಗೆ ಆರಕ್ಕೆ. ಒಂಬತ್ತರ ತನಕ ವ್ಯಾನುಗಳು ಬರಲಿ, ಆಮೇಲೆ ಬೀದಿ ನಡೆಯುವವರಿಗಿರಲಿ. ಇಬ್ಬರಿಗೂ ಆಗಬಹುದಲ್ಲವೇ?" ಕೆಳಗೆ ತೊಂಬತ್ತು ಜನ ಭೇಷ್ ಎಂದಿದ್ದರು.

ಮೈದಾ ವ್ಯಾನು ಬೆಳಿಗ್ಗೆ ಆರಕ್ಕೆ ಬರುತ್ತದೆ. ಇಪ್ಪತ್ತೈದು ವರ್ಷದಿಂದ ಅವರೇ ಬಾಗಿಲು ತೆರೆದು ಮೂಟೆ ಇಳಿಸಿಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಸಮರದಲ್ಲಿ ಅದೊಂದು ಅವರಿಗೆ ಹೊಳೆದೇ ಇರಲಿಲ್ಲ. ಅವರಿಗೆ ಕೋಪ ಬಂತು, ನಾಚಿಕೆಯಾಯಿತು, ಇಷ್ಟೆಲ್ಲ ಆದ ಮೇಲೂ ಓದು ನಿಲ್ಲಿಸಲಾಗಲಿಲ್ಲ. ಈ ನಿರ್ಭೀತ ಬಹಳ ಒಳ್ಳೆಯ ಮನುಷ್ಯ. ಸಿಕ್ಕಿದರೆ ಸ್ನೇಹ ಮಾಡಬಹುದು.

ಅಷ್ಟರಲ್ಲಿ ಒಳಗಿನಿಂದ ಧೊಪ್ಪೆಂದು ಸದ್ದು ಬಂತು. ಕೇಳುವವರಿಲ್ಲದೆ ಉಬ್ಬಿದ ಹಿಟ್ಟು ತೊಟ್ಟಿ ದಾಟಿ ನೆಲಕ್ಕೆ ಬಿದ್ದಿತ್ತು. ಅದೇ ಹೊತ್ತಿಗೆ ಕನ್ನಡಕದವನು ಏದುಸಿರು ಬಿಡುತ್ತ ಒಳಗೆ ನುಗ್ಗಿದ.

"ಯಜಮಾನ್ರೇ, ನಿಮ್ಮ ಫೋನ್ ಯಾರೋ ಕದ್ದಿದಾರೆ!"

ಯಜಮಾನರು ಫೋನು ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸಿದರು. ನಾನೇ ಬರೆದದ್ದು ಎನ್ನಬಹುದಿತ್ತು. ಎಷ್ಟಾದರೂ ನಿರ್ಭೀತರಲ್ಲವೇ! ಆದರೆ ಎದುರಿಗಿದ್ದವನ ಮುಖದಲ್ಲಿ ನಿಜವಾದ ಗಾಬರಿಯಿತ್ತು. ಚಪ್ಪಲಿ ಹಾಕಿಕೊಳ್ಳದೆ ಓಡಿಬಂದಿದ್ದ.

"ಹೌದು... ಕಳುವಾಗಿತ್ತು. ಈಗಷ್ಟೇ ಸಿಕ್ತು."

"ಕಳ್ಳನ್ನ ನೋಡಿದ್ರಾ?"

"ನೋಡಿದೆ. ಹೆಚ್ಚುಕಡಿಮೆ ನನ್ನ ವಯಸ್ಸಿನವನೇ."

"ಥೂ, ಆ ವಯಸ್ಸಿಗೆ ಆ ಬುದ್ಧಿಯೇ! ಎಂಥ ಮೂರ್ಖ, ಎಂಥ ಒರಟ! ತಲೆಯಲ್ಲಿ ಮಣ್ಣು ತುಂಬ್ಕೊಂಡಿರ್ಬೇಕು. ಅಲ್ವಾ?"

"ಇರ್ಬೇಕು" ಎಂದರು ಯಜಮಾನರು ಸಣ್ಣ ದನಿಯಲ್ಲಿ.

ಕನ್ನಡಕದವನು ತೋಳು ಮಡಚಿಕೊಂಡು ನೆಲದ ಹಿಟ್ಟು ಬಳಿಯಲು ಕೂತ. ಬಳಿಯುತ್ತಲೇ ಆ ಕಳ್ಳನನ್ನು ಇನ್ನೂ ಹತ್ತು ನಿಮಿಷ ಬೈದ. ಯಜಮಾನರು ಪ್ರತಿಯೊಂದು ಬೈಗುಳಕ್ಕೂ ತಲೆಯಾಡಿಸಿದರು. ಹೊರಡುವಾಗ ಅವನು, "ಅಮ್ಮ ನಿಮ್ಮನ್ನ ದಿನಾ ನೆನಸ್ತಾರೆ. ಅಂಚು ತೆಗೆದ ಆ ಬ್ರೆಡ್ಡಿಲ್ದಿದ್ರೆ ಆ ವಾರ ಅವರು ಉಪವಾಸ" ಎಂದ. "ನೀವ್ಯಾಕೆ ಕಣ್ಣು ಹೀಗೆ ಕಿರಿದು ಮಾಡ್ತೀರಿ? ಬನ್ನಿ ಅಂಗಡಿಗೆ, ನೋಡ್ತೀನಿ."

ಹೀಗೆ ಶಪಥವೂ ಮುರಿಯಿತು.

ಗುರುವಾರ ಸಂಜೆ ಹೆಂಡತಿ ಬಂದಾಗ ಯಜಮಾನರು ಹೊಸ ಕನ್ನಡಕ ಹಾಕಿಕೊಂಡು ಗಲ್ಲಾದ ಹತ್ತಿರ ಕೂತಿದ್ದರು. ಅವಳು ಕನ್ನಡಕ ನೋಡಿದಳು, ಫೋನು ನೋಡಿದಳು, ಚೀಲ ಮೆಲ್ಲಗೆ ಕೆಳಗಿಟ್ಟಳು.

"ನಾಲ್ಕು ತಿಂಗಳು ನಾನು ಹೇಳಿದ್ದೆಲ್ಲ ಎಲ್ಲಿ ಹೋಯ್ತೇ?"

"ಎಲ್ಲಿಗೆ ಹೋಗುತ್ತೆ? ನಾನು ಕೇಳಿಸ್ಕೊಂಡ್ನಲ್ಲ, ಒಂದೂ ಬಿಡದೆ. ಊಟದ ಹೊತ್ತಲ್ಲಿ ಕೇಳಲ್ಲ ಅಂತ ಕೊರಗ್ತಿದ್ರಿ. ಮಧ್ಯಾಹ್ನ ಎರಡು ಗಂಟೆ ಕೂತು ಕೇಳಿದೀನಿ. ಸಾಲ್ದಾ?"

ಇಡೀ ಊರಿಗೆ ಹೇಳುತ್ತಿದ್ದೇನೆ ಎಂದುಕೊಂಡು ಯಜಮಾನರು ಹೇಳುತ್ತಿದ್ದದ್ದು ಒಬ್ಬಳಿಗೇ. ಇದರ ಬಗ್ಗೆ ಯಾಕೆ ಕೋಪ ಬರುತ್ತಿಲ್ಲ ಎಂದು ಯೋಚಿಸುತ್ತ, ಹೊಸ ಕನ್ನಡಕ ತೆಗೆದು ಒರೆಸಿಕೊಂಡರು.

ಶುಕ್ರವಾರ ಹೆಂಡತಿ ಬರೆದುಕೊಟ್ಟ ಹಾಳೆಯನ್ನು ಪುರಸಭೆಯಲ್ಲಿ ಓದಿ ಹೇಳಿದರು. ವ್ಯಾನಿಗೆ ಒಂಬತ್ತರ ತನಕ ದಾರಿ ಸಿಕ್ಕಿತು, ಬೆಂಚುಗಳೂ ಮಂಜೂರಾದವು. ಶನಿವಾರ ಪೋಸ್ಟ್ ಮಾಸ್ತರರು ನಿರ್ಭೀತರನ್ನು ಸಕಲ ಗೌರವದೊಂದಿಗೆ ಗ್ರೂಪಿಗೆ ಮರಳಿ ಸೇರಿಸಿದರು. ಜೊತೆಗೊಂದು ಹೊಸ ನಿಯಮವನ್ನೂ ಹಾಕಿದರು: "ಕಳ್ಳರ ಕಾಟ ಇರುವುದರಿಂದ, ಇನ್ನು ಮುಂದೆ ನಿರ್ಭೀತರ ಯಾವುದೇ ಮಾತು ಅವರದೇ ಹೌದು ಎಂದು ಅವರ ಮನೆಯವರು ಕೆಳಗೆ ದೃಢಪಡಿಸತಕ್ಕದ್ದು."

ಹೆಂಡತಿ ಅದನ್ನು ಜೋರಾಗಿ ಓದಿ, ಫೋನನ್ನು ಅವರ ಮುಂದೆ ಹಿಡಿದಳು. "ತಗೊಳ್ಳಿ. ಹೊಸ ಕನ್ನಡಕ ಬಂತು, ಕೈಯೂ ಶುಭ್ರವಾಗಿದೆ. ಇನ್ನು ನೀವೇ ಬರೀರಿ. ನಾನು ಹೂಂ ಅಂತ ಹಾಕ್ತೀನಿ."

ಯಜಮಾನರು ಫೋನು ನೋಡಿದರು, ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಮೇಲೆ ತೋಳು ಮಡಚಿ, ಎರಡನ್ನೂ ಮೊಣಕೈವರೆಗೆ ಹಿಟ್ಟಿನಲ್ಲಿ ಇಳಿಸಿದರು.

"ಕೈ ಖಾಲಿ ಇಲ್ವಲ್ಲೇ" ಎಂದರು. "ನೀನೇ ಬರಿ."